ಬಿಸಿಲಲ್ಲಿಟ್ಟ ಕುರ್ಚಿ

ಮೇ ೧೯

ಅಮ್ಮಾ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಶುರು ಮಾಡಲು ಹೊರಟರೆ ಕೈ ನಿಲ್ಲುತ್ತದೆ. ಚೆನ್ನಾಗಿದ್ದೇವೆ, ನಿಜ. ಕಡ್ಡಿ ಪಕ್ಕದ ಕೋಣೆಯಲ್ಲಿ ಗೋಡೆಗೆ ಕಾಲು ಆನಿಸಿ ಮಲಗಿಕೊಂಡು ಪುಸ್ತಕ ಓದುತ್ತಿದ್ದಾಳೆ. ನಾನು ಆಗಾಗ ಎದ್ದು ಹೋಗಿ ಅವಳನ್ನು ನೋಡಿ ಬರುತ್ತೇನೆ. "ಏನಮ್ಮಾ ಸುಮ್ ಸುಮ್ನೆ ಬಂದು ನೋಡ್ತೀಯ? ನಾನೇನು ಒಲೆ ಮೇಲಿಟ್ಟ ಹಾಲಾ, ಉಕ್ಕಿ ಹೋಗೋಕೆ?" ಎನ್ನುತ್ತಾಳೆ ನಿನ್ನ ಮೊಮ್ಮಗಳು.

ಪತ್ರ ಯಾಕೆ ಎಂದು ಕೇಳಬೇಡ. ಫೋನ್ ಮಾಡಿದರೆ ಅಪ್ಪ ಎತ್ತುತ್ತಾರೆ, ಸ್ಪೀಕರ್ ಹಾಕುತ್ತಾರೆ, ಮೂವರೂ ಸೆಕೆಯ ಬಗ್ಗೆ ಮಾತಾಡಿ ಇಟ್ಟುಬಿಡುತ್ತೇವೆ. ಅದಕ್ಕೇ ಇದನ್ನು ನೀನು ಹೊಲಿಯಲು ಹೋಗುವ ಅಂಗಡಿಯ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ಆ ದಿನ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಬರೆದರೆ ನಂಬಿಕೆ ಬಂದೀತು ಎಂಬ ಆಸೆ. ಕಡ್ಡಿಯ ಅಪ್ಪನಿಗೆ ರಜೆ ಸಿಗಲಿಲ್ಲ; ಬಾಯಲ್ಲಿ ಹೇಳಿದ್ದೇನೆ, ಅವರು ನಂಬಿಲ್ಲ. "ನಿಮ್ಮಮ್ಮನಾ? ನೀರಲ್ಲಾ?" ಎಂದು ಎರಡು ಸಲ ಕೇಳಿದರು.

ಎಲ್ಲ ಬೇಸಿಗೆಯ ಹಾಗೆಯೇ ಅದೂ ಶುರುವಾಯಿತಲ್ಲ. ಸಮುದ್ರದೊಳಕ್ಕೆ ಬೆರಳು ಚಾಚಿದಂತಿರುವ ಆ ನೆಲ, ಅದರ ಅಂಚಿಗೇ ಸುತ್ತು ಹಾಕುವ ಒಂದೇ ರಸ್ತೆ, ತಿರುವಿಗೊಂದು ಕಡಲತೀರ. ಅಪ್ಪ ಕಾರಿನ ಮೂತಿಯ ಮೇಲೆ ನಕ್ಷೆ ಹರಡಿ, ಎರಡು ಬಂಡೆಗಳ ನಡುವಿನ ತೀರಕ್ಕೆ ಬೆರಳಿಟ್ಟು, "ಇದು ಮಕ್ಕಳು ಮರಿಗೆ ಹೇಳಿ ಮಾಡಿಸಿದ ಜಾಗ" ಎಂದರು. ಬಂದರು ಕಚೇರಿಯಲ್ಲಿ ಜೀವಮಾನವೆಲ್ಲ ಸಮುದ್ರದ ನಕ್ಷೆ ಬರೆದವರು; ಅವರ ಮಾತಿಗೆ ಎದುರಾಡುವವರು ಯಾರು? ಮೇಲಿನ ಅಂಗಡಿಯಲ್ಲಿ ಚಹಾ ತರಲು ನೀನು ನಿಂತೆ. "ಕುರ್ಚಿ ಬಿಚ್ಬೇಡಿ, ನಾನು ಬಂದು ಹಾಕ್ತೀನಿ" ಎಂದು ಕೂಗಿದೆ. ಅಪ್ಪ ನಕ್ಕರು. ನಿನ್ನ ಮಡಚುವ ಕುರ್ಚಿಯನ್ನು ಹೆಗಲಿಗೇರಿಸಿಕೊಂಡು ಇಳಿದು, ಬಂಡೆಯ ನೆರಳಲ್ಲಿ ಬಿಚ್ಚಿಟ್ಟರು. ಕೈಯಿಂದ ಅದರ ಧೂಳು ಒರೆಸಿದರು. "ಈ ಸಲ ನಿಮ್ಮಮ್ಮ ಬಿಸಿಲು ಬಿಸಿಲು ಅಂತ ಗೊಣಗೋ ಹಾಗಿಲ್ಲ" ಎಂದರು.

ನಾನು ಕಡ್ಡಿಗೆ ಹೇಳಿದ್ದು ನೀನು ನನಗೆ ಹೇಳುತ್ತಿದ್ದುದನ್ನೇ: "ಕುರ್ಚಿ ಎದುರಿಗೇ ಆಡು."

ಎದುರಿಗೆ ನೀರು ಇಸ್ತ್ರಿ ಹಾಕಿದ ಬಟ್ಟೆಯ ಹಾಗಿತ್ತು. ಆ ಕಡೆ ಈ ಕಡೆ ಬಿಳಿ ನೊರೆಯ ಅಲೆ, ನಡುವೆ ಮಾತ್ರ ಅಗಲವಾದ, ನುಣ್ಣನೆಯ ಒಂದು ದಾರಿ. ನಾನು ಕವನಗಳ ಪುಸ್ತಕ ಬಿಚ್ಚಿದೆ. ಒಂದು ಪದ್ಯ ಓದಿ ತಲೆ ಎತ್ತಿದರೆ ಕಡ್ಡಿಯ ಕೆಂಪು ಟೋಪಿ ಇರಬಾರದಷ್ಟು ದೂರದಲ್ಲಿತ್ತು. ಅವಳು ಕೂಗಲಿಲ್ಲ. ಕೈ ಎತ್ತಿ ಬೀಸಿದಳು. ಅಪ್ಪ ನಗುತ್ತಾ ತಾವೂ ಕೈ ಬೀಸಿದರು.

ಅಮ್ಮಾ, ಅಪ್ಪ ಕೈ ಬೀಸಿದರು. ಅದೊಂದು ನನ್ನ ಕಣ್ಣಿನಿಂದ ಹೋಗುತ್ತಿಲ್ಲ.

ಆಮೇಲೆ ನೋಡಿದ್ದು ಚಹಾದ ಲೋಟಗಳನ್ನು. ಒಂದು ಹನಿಯೂ ಚೆಲ್ಲದಂತೆ ನೀನು ಅವನ್ನು ಮರಳಿನಲ್ಲಿ ಊರಿ ಇಟ್ಟಿದ್ದೆ. ನೀನು ನನ್ನ ಪಕ್ಕದಿಂದಲೇ ಹೋದೆ, ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟೆ, "ಹಿಡ್ಕೋ" ಎಂದೆ. "ಅಮ್ಮಾ, ನಿಂಗೆ ಈಜು ಬರಲ್ಲ!" ಎಂದು ಕಿರುಚಿದೆ. ನೀನು ಓಡಲೂ ಇಲ್ಲ. ಆ ನುಣುಪು ನೀರಿಗೇ ಇಳಿದು, ಸ್ವಂತ ಹಾಸಿಗೆಯ ಮೇಲೆ ಒರಗುವ ಹಾಗೆ ಅದರ ಮೇಲೆ ಒರಗಿದೆ. ನೀರು ನಿನ್ನನ್ನೂ ಎತ್ತಿಕೊಂಡು ಹೋಯಿತು. ನನಗೆ ಬರುವುದು ಎದೆಮಟ್ಟದ ನೀರಿನ ಈಜು. ಅಪ್ಪ ಮೊಣಕಾಲಿನವರೆಗೆ ಇಳಿದು ಅಲ್ಲೇ ನಿಂತುಬಿಟ್ಟರು. ಇಬ್ಬರೂ ಹೋದಿರಿ ಎಂದುಕೊಂಡೆ.

ನೀನು ಅವಳನ್ನು ಮುಟ್ಟಿದೆ. ವಾಪಸ್ ತಿರುಗುವ ಬದಲು ಅಡ್ಡಕ್ಕೆ ಹೊರಟೆ. ದಿಕ್ಕು ತಪ್ಪಿತು ಎಂದು ನಾನು ಮರಳಿನ ಮೇಲೆ ಓಡಿದೆ. ತೀರದ ಆ ತುದಿಯಲ್ಲಿ, ಅಲೆಗಳೇ ನಿಮ್ಮನ್ನು ದಡಕ್ಕೆ ತಂದು ಹಾಕಿದವು. ನಾನು ತಲುಪುವಾಗ ಕಡ್ಡಿ ಉಪ್ಪುನೀರು ಕಾರುತ್ತಿದ್ದಳು, ನೀನು ಕೂದಲು ಹಿಂಡುತ್ತಿದ್ದೆ. ನೀನು ಹೇಳಿದ ಮೊದಲ ಮಾತು, "ಚಹಾ ಆರಿ ಹೋಗಿರುತ್ತೆ."

ಸೀಟಿ ಊದುತ್ತಾ ಓಡಿಬಂದ ಕಾವಲಿನವನು ನಿನ್ನನ್ನು ಬಾಯಿ ಬಿಟ್ಟುಕೊಂಡು ನೋಡಿದ. "ಅಲೆ ಇಲ್ದೆ ಇರೋ ಕಡೆನೇ ನೀರು ಒಳಕ್ಕೆ ಎಳೆಯೋದು. ನೆಟ್ಟಗೆ ದಡಕ್ಕೆ ಈಜಿದ್ರೆ ಸುಸ್ತಾಗಿ ಇಬ್ರೂ ಮುಗೀತಿದ್ರು. ಅಜ್ಜಿಗೆ ಇದೆಲ್ಲ ಯಾರು ಹೇಳ್ಕೊಟ್ಟಿದ್ದು?" ಎಂದ. ನಾನೂ ಅದನ್ನೇ ಕೇಳುತ್ತಿದ್ದೇನೆ. ನೀನು ಯಾರು? ನಾನು ಹುಟ್ಟಿದಾಗಿನಿಂದ ದಡದ ಮೇಲೆ ನಮ್ಮ ಚಪ್ಪಲಿ ಕಾಯುತ್ತಾ ಕೂತ ಹೆಂಗಸನ್ನು ಬಲ್ಲೆ. ನೀರಿಗಿಳಿದವಳನ್ನು ಅರಿಯೆ.

ನಿನ್ನ ಕನ್ನಡಕ ನನ್ನ ಹತ್ತಿರವೇ ಉಳಿದಿದೆ. ಜೊತೆಗೆ ಕಳಿಸುತ್ತಿದ್ದೇನೆ.

ಇನ್ನೂ ನಡುಗುತ್ತಿರುವ
ನಿನ್ನ ಮಗಳು


ಮೇ ೩೦

ಮಗಳೇ,

ಕನ್ನಡಕ ತಲುಪಿತು. ಹಳೆಯದು ಹಾಕಿಕೊಂಡು ಹೊಲಿದು ಎರಡು ಅಂಗಿಗೆ ಗುಂಡಿ ಹಿಂದುಮುಂದಾಗಿತ್ತು. ಶಾಲೆ ತೆರೆಯುವ ಸಮಯ, ಅಂಗಡಿ ತುಂಬ ಸಮವಸ್ತ್ರ. ದರ್ಜಿಗೆ ಊಟಕ್ಕೂ ಪುರುಸೊತ್ತಿಲ್ಲ, ಆದರೂ ನಿನ್ನ ಲಕೋಟೆಯನ್ನು ಮೂರು ಸಲ ತಿರುಗಿಸಿ ನೋಡಿದ. "ಏನಕ್ಕಾ, ಈ ವಯಸ್ಸಲ್ಲಿ ಗುಟ್ಟಿನ ಕಾಗದ?" ಎಂದು ಕಾಡಿಸುತ್ತಾನೆ.

ಹೇಳುವುದು ಏನಿದೆ? ನೆನೆದೆವು, ಒಣಗಿದೆವು. ಮಗು ಉಳಿಯಿತು. ಅದರ ಆಚೆಗೆ ಕೆದಕಬೇಡ.

ಕಡ್ಡಿಯ ಟೋಪಿ ನೀರುಪಾಲಾಯಿತಲ್ಲ, ಹೊಸದು ಹೊಲಿದು ಇಟ್ಟಿದ್ದೇನೆ. ಕೆಂಪೇ. ದೂರಕ್ಕೆ ಕಾಣಬೇಕು.

ನಿನ್ನ ಅಪ್ಪ ನನ್ನ ಹತ್ತಿರ ಮಾತಾಡುತ್ತಿಲ್ಲ. ಉಪ್ಪು ಬೇಕಾದರೆ ಎದ್ದು ಹೋಗಿ ತೆಗೆದುಕೊಳ್ಳುತ್ತಾರೆ.

ಅಮ್ಮ


ಜೂನ್ ೧೭

ಅಮ್ಮಾ,

ನೀನು ಕೆದಕಬೇಡ ಎಂದೆ. ಕೆದಕಿದೆ.

ಹಳೆಯ ಫೋಟೊಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆ. ನಾನು ಹಲ್ಲು ಬಿದ್ದ ಹುಡುಗಿ, ನಾನು ಎರಡು ಜಡೆಯ ಹುಡುಗಿ, ಮದುವೆಯಾದ ವರ್ಷ, ಕಡ್ಡಿ ಕೈಗೂಸು. ಎಲ್ಲದರಲ್ಲೂ ಹಿಂದೆ ನೀನು, ನಿನ್ನ ಕುರ್ಚಿ. ಅಮ್ಮಾ, ಒಂದು ಫೋಟೊದಲ್ಲೂ ಕುರ್ಚಿ ನೆರಳಿನಲ್ಲಿಲ್ಲ. ಪಕ್ಕದಲ್ಲೇ ಮರ ಇದ್ದರೂ ನೀನು ಕೂತಿರುವುದು ಸುಡುವ ಮರಳಿನ ಮೇಲೆ, ಕಣ್ಣು ಕಿರಿದು ಮಾಡಿಕೊಂಡು. ನೆರಳು ಹುಡುಕುತ್ತೇನೆ ಎಂದು ಕುರ್ಚಿ ಹಿಡಿದು ತೀರದುದ್ದಕ್ಕೂ ನಡೆಯುತ್ತಿದ್ದೆ. ನಾವು ಹಿಂದಿನಿಂದ ನಗುತ್ತಿದ್ದೆವು. ಅಷ್ಟು ನಡೆದು, ಕೊನೆಗೆ ಬಿಸಿಲಲ್ಲೇ ಊರುತ್ತಿದ್ದೆ. ಅದು ಯಾಕೆ ಎಂದು ಒಬ್ಬರಾದರೂ ಕೇಳಿದೆವಾ?

ನೀನು ನೋಡುತ್ತಿದ್ದುದು ನೆರಳನ್ನಲ್ಲ, ನೀರನ್ನು.

ಇನ್ನೂ ನೆನಪಾಗುತ್ತಿದೆ. ದೀಪಸ್ತಂಭದ ಕೆಳಗಿನ ತೀರಕ್ಕೆ ಅಪ್ಪ ಎಷ್ಟು ಆಸೆಪಟ್ಟರೂ ನೀನು ಬೇಡವೆಂದೆ, ಅಲ್ಲಿನ ಚಹಾ ಪಾತ್ರೆ ತೊಳೆದ ನೀರಿನ ಹಾಗಿದೆ ಎಂದು. ಚಿಪ್ಪಿನ ತೀರದಲ್ಲಿ ಶೌಚಾಲಯ ಗಲೀಜು. ಅದಕ್ಕಿಂತ ಗಲೀಜಾಗಿದ್ದ ಅರ್ಧಚಂದ್ರದ ತೀರದಲ್ಲಿ ಮಾತ್ರ ನಿನಗೆ ಏನೂ ಅನಿಸಲಿಲ್ಲ. ನಿನ್ನೆ ಕಚೇರಿಯಲ್ಲಿ ಕೂತು ಎಲ್ಲೆಲ್ಲಿ ಈಜಬಾರದೆಂಬ ಸೂಚನೆ ಇದೆಯೆಂದು ಹುಡುಕಿ ಓದಿದೆ. ನೀನು ಚಹಾ ಬೈದ ತೀರ, ಶೌಚಾಲಯ ಬೈದ ತೀರ, ಒಂದೂ ತಪ್ಪದೆ ಎಲ್ಲವೂ ಆ ಪಟ್ಟಿಯಲ್ಲಿವೆ. ಊರಿನವರೆಲ್ಲ "ಮಕ್ಕಳನ್ನ ಕರ್ಕೊಂಡು ಹೋಗೋಕೆ ಯಾವ ಬೀಚು ಚೆನ್ನಾಗಿದೆ?" ಎಂದು ಅಪ್ಪನನ್ನು ಕೇಳುತ್ತಿದ್ದರು. ಅಪ್ಪ ಹೇಳುತ್ತಿದ್ದುದು ನೀನು ಬೈಯದೆ ಉಳಿಸಿದ ಬೀಚುಗಳನ್ನು.

ಓದಿ ಮುಗಿಸಿದಾಗ ಮೊದಲು ಬಂದದ್ದು ಹೆಮ್ಮೆ. ಅದರ ಬೆನ್ನಿಗೇ ಸಿಟ್ಟು. ಬರೆಯದೇ ಇರಲಾರೆ, ಕ್ಷಮಿಸು. ಅಲೆ ಇಲ್ಲದ ನೀರೇ ಅಪಾಯ ಎಂದು ನೀನು ಒಂದೇ ಒಂದು ಸಲ ಬಾಯಿ ಬಿಟ್ಟು ಹೇಳಿದ್ದರೆ ನಾನು ಕಡ್ಡಿಯನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ನೀನು ನಮಗೆ ಕಲಿಸಿದ್ದು ಕುರ್ಚಿಯನ್ನು ನಂಬಲು. ಅಪ್ಪ ಪ್ರೀತಿಯಿಂದ ಅದನ್ನು ನೆರಳಿಗಿಟ್ಟರು. ಅಷ್ಟಕ್ಕೇ ನನ್ನ ಮಗಳು ಹೋಗುತ್ತಿದ್ದಳು.

ಕಡ್ಡಿ ಈಗ ಬಕೆಟ್ಟಿನಿಂದ ತಲೆಗೆ ನೀರು ಸುರಿದರೂ ನನ್ನ ಕೈ ಗಟ್ಟಿಯಾಗಿ ಹಿಡಿಯುತ್ತಾಳೆ. ಟೋಪಿ ಬಂತು, ಮನೆಯೊಳಗೆ ಹಾಕಿಕೊಳ್ಳುತ್ತಾಳೆ. ಮೊನ್ನೆ ಇದ್ದಕ್ಕಿದ್ದ ಹಾಗೆ ಹೇಳಿದಳು: "ಅಮ್ಮಾ, ನೀರಲ್ಲಿ ಅಜ್ಜಿ ನಗ್ತಾ ಇತ್ತು." ಉಪ್ಪುನೀರಿಗೆ ಮುಖ ಹಾಗೆ ಆಗುತ್ತದೆ ಎಂದೆ. "ಅಲ್ಲ, ನಗ್ತಾ ಇತ್ತು" ಎಂದಳು.

ಉತ್ತರ ಬರೆ. ಹೊಲಿಗೆಯ ವಿಷಯ ಬೇಡ.

ನಿನ್ನ ಮಗಳು


ಆಗಸ್ಟ್ ೨

ಮಗಳೇ,

ಕಾಗದ ತೆಗೆದುಕೊಂಡು ಕೂರುವುದು, ಎದ್ದು ಬಟ್ಟೆ ಮಡಚುವುದು. ಹೀಗೆ ದಿನ ಹೋಯಿತು. ಸಿಟ್ಟು ಮಾಡಿಕೊಳ್ಳಬೇಡ. ಮಾಡಿಕೊಂಡರೂ ಪರವಾಗಿಲ್ಲ.

ನನ್ನ ಅಪ್ಪ ದೋಣಿ ರಿಪೇರಿ ಮಾಡುತ್ತಿದ್ದರು, ನಿನಗೆ ಗೊತ್ತು. ನಮ್ಮ ಮನೆಯ ಹಿಂಬಾಗಿಲು ನೀರಿಗೇ ತೆರೆಯುತ್ತಿತ್ತು, ಅದು ಗೊತ್ತಿಲ್ಲ. ನಡೆಯುವುದು ಮೊದಲೋ ಈಜು ಮೊದಲೋ, ನನಗೆ ನೆನಪಿಲ್ಲ. ನೀರು ಎಲ್ಲಿ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಯಾರೂ ಕಲಿಸಲಿಲ್ಲ. ಮನೆಗೆ ಬಂದವರು ಯಾವ ಬಾಗಿಲಿಂದ ಹೋಗುತ್ತಾರೆ ಎಂದು ಯಾರಾದರೂ ಕಲಿಸುತ್ತಾರಾ?

ಮದುವೆಯಾದ ಹೊಸತು. ನಿನ್ನ ಅಪ್ಪ ಬಂದರಿನ ಈ ದಡದಿಂದ ಆ ದಡಕ್ಕೆ ಈಜಿದ ಕಥೆಯನ್ನು ಕಚೇರಿಯ ಗೆಳೆಯರಿಗೆಲ್ಲ ಹೇಳಿದ್ದರು. ಅವರೆಲ್ಲರ ಜೊತೆ ಅರ್ಧಚಂದ್ರದ ತೀರಕ್ಕೆ ಹೋದೆವು. "ಹೆಂಡ್ತಿಗೂ ಕಲಿಸಪ್ಪಾ" ಎಂದು ಅವರು ಛೇಡಿಸಿದರು. ಇವರು ನನ್ನನ್ನು ಸೊಂಟದ ಮಟ್ಟದ ನೀರಿಗೆ ಕರೆದುಕೊಂಡು ಹೋಗಿ, ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು ಹಿಡಿದರು. ನನಗೆ ಬರುತ್ತದೆ ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಗೊತ್ತಾಯಿತು, ಆ ಕೈ ನಡುಗುತ್ತಿದೆ. ಚಳಿಗಲ್ಲ. ನೀರಿನ ಭಯ ಇರುವವರ ಕೈ ಹೇಗೆ ನಡುಗುತ್ತದೆಂದು ನಾನು ಬಲ್ಲೆ. ಅಷ್ಟು ಭಯದಲ್ಲೂ ನನ್ನನ್ನು ಬಿಡಲಿಲ್ಲ. ಯಾರೂ ನನ್ನನ್ನು ಅಷ್ಟು ಜೋಪಾನವಾಗಿ ಹಿಡಿದಿರಲಿಲ್ಲ.

ನಾನು ಮೈ ಭಾರ ಮಾಡಿಕೊಂಡೆ. ನೀರು ಕುಡಿದೆ. ಕೆಮ್ಮಿದೆ. "ಇವಳಿಗೆ ಬರಲ್ಲ ಬಿಡ್ರೋ" ಎಂದರು ಇವರು. ಅವರ ಮುಖದಲ್ಲಿ ಎಂಥ ನಿರಾಳ! ಆ ಒಂದು ದಿನಕ್ಕೆ ಎಂದು ಮಾಡಿದೆ. ಮರುವರ್ಷ ಬದಲಿಸಲು ಸಂಕೋಚವಾಯಿತು. ಆಮೇಲೆ ನೀನು ಹುಟ್ಟಿದೆ, ನಿನಗೂ ಅಮ್ಮನಿಗೆ ಈಜು ಬರುವುದಿಲ್ಲ ಎಂದೇ ಗೊತ್ತಾಯಿತು.

ಹೇಳಿದ್ದರೆ ಎಂದು ಕೇಳಿದ್ದೀಯ. ಹೇಳಿದ್ದೆ. ನಿನಗೆ ಎರಡು ಜಡೆ ಇದ್ದಾಗ, ದೀಪಸ್ತಂಭದ ಹತ್ತಿರ, "ಇಲ್ಲಿ ನೀರು ಎಳೆಯುತ್ತೆ" ಎಂದೆ. "ನಿಂಗೆ ಬಕೆಟ್ ನೀರೂ ಎಳೆಯುತ್ತೆ" ಎಂದರು ಇವರು. ನೀವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಅದೇ ಸಂಜೆ ಚಹಾ ಕೆಟ್ಟದಾಗಿದೆ ಎಂದೆ. ಎಲ್ಲರೂ ಎದ್ದು ಹೊರಟಿರಿ. ನನ್ನ ಮಾತಿಗೆ ಎಲ್ಲಿ ಬೆಲೆ ಇದೆ ಎಂದು ನನಗೆ ಆವತ್ತು ತಿಳಿಯಿತು.

ಇನ್ನು ಕಡ್ಡಿಯ ಮಾತು. ಅವಳು ಸರಿಯಾಗಿಯೇ ನೋಡಿದ್ದಾಳೆ.

ಅವಳನ್ನು ಎದೆಗೆ ಹಾಕಿಕೊಂಡು ಅಂಗಾತ ತಿರುಗಿದೆ ನೋಡು, ನೀರು ನನ್ನನ್ನು ಎತ್ತಿತು. ಇಷ್ಟು ವರ್ಷವಾದ ಮೇಲೂ ಗುರುತು ಹಿಡಿದು ಎತ್ತಿತು. ಮೊಮ್ಮಗಳು ಸಾಯಬಹುದಾದ ಹೊತ್ತಿನಲ್ಲಿ ನನಗೆ ಖುಷಿಯಾಯಿತು ಮಗಳೇ. ನೀನು ಬೆಚ್ಚಿದ್ದು ನನ್ನನ್ನು ನೋಡಿ. ನಾನು ಬೆಚ್ಚಿದ್ದೂ ನನ್ನನ್ನು ನೋಡಿಯೇ. ಆವತ್ತಿನಿಂದ ನಲ್ಲಿ ತಿರುಗಿಸಿದರೂ ಆ ಖುಷಿ ಬಂದು ನಿಲ್ಲುತ್ತದೆ. ಇದನ್ನು ಇವರಿಗೆ ಹೇಗೆ ಹೇಳಲಿ?

ಮನೆಯಲ್ಲಿ ಮಾತಿಲ್ಲ. ಇವರು ನಕ್ಷೆಗಳನ್ನೆಲ್ಲ ಸುತ್ತಿ ಅಟ್ಟಕ್ಕೆ ಹಾಕಿದ್ದಾರೆ. ಕಿಟಕಿಯ ಹತ್ತಿರ ಕೂರುತ್ತಾರೆ, ನಾನು ಹೋದರೆ ಎದ್ದು ಹೋಗುತ್ತಾರೆ. ಈ ಮನೆಯಲ್ಲಿ ಈಗ ನಾನೇ ಪರಕೀಯಳು. ನಿನ್ನ ಮನೆಯಲ್ಲಿ ನನಗೆ ಒಂದಷ್ಟು ಕಾಲ ಇರಲು ಜಾಗ ಇದೆಯಾ? ಕಡ್ಡಿಯ ಕೋಣೆಯಾದರೂ ಸಾಕು.

ಅಮ್ಮ


ಆಗಸ್ಟ್ ೧೧

ಅಮ್ಮಾ,

ನಿನ್ನ ಪತ್ರವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಸಾರು ಸೀದಿತು. "ಏನ್ ವಾಸ್ನೆ?" ಎಂದು ಇವರು ಬಂದು ಒಲೆ ಆರಿಸಿದರು.

ಜಾಗ ಇದೆ. ಕಡ್ಡಿ ಆಗಲೇ ಅರ್ಧ ಕಪಾಟು ಖಾಲಿ ಮಾಡಿದ್ದಾಳೆ. ನೀನು ಯಾವಾಗ ಬಂದರೂ, ಎಷ್ಟು ಕಾಲ ಇದ್ದರೂ ನಾನು ಕಾರಣ ಕೇಳುವುದಿಲ್ಲ.

ಆದರೆ ಸುಮ್ಮನೆ ಎದ್ದು ಬರಬೇಡ. ನಮ್ಮ ಮನೆಯಲ್ಲಿ ಎಲ್ಲರೂ ಬೇರೆಯವರಿಗೆ ನೋವಾಗುತ್ತದೆಂದು ಸುಮ್ಮನಿರುತ್ತೇವೆ. ಆ ಸುಮ್ಮನಿರುವಿಕೆಯಲ್ಲೇ ಕಡ್ಡಿ ಅಷ್ಟು ದೂರ ಹೋದದ್ದು. ಅಪ್ಪನ ಎದುರು ಕೂತು ಹೇಳಿ ಬಾ. ಅವರ ಕೈಯ ವಿಷಯ ಹೇಳುವುದು ಬಿಡುವುದು ನಿನಗೆ ಸೇರಿದ್ದು. ನಿನ್ನ ವಿಷಯ ಹೇಳು.

ಬಸ್ ನಿಲ್ದಾಣಕ್ಕೆ ಕಡ್ಡಿ ಬರುತ್ತಾಳಂತೆ, ಕೆಂಪು ಟೋಪಿ ಹಾಕಿಕೊಂಡು. ದೂರಕ್ಕೆ ಕಾಣಬೇಕಂತೆ.

ದಾರಿ ನೋಡುತ್ತಿರುವ
ಮಗಳು


ಅಕ್ಟೋಬರ್ ೨೧

ಮಗಳೇ,

ನಾನು ಬರೆಯುತ್ತಿರುವುದು ನೋಡಿ ಗಾಬರಿಯಾಗಬೇಡ. ಎಲ್ಲರೂ ಇದ್ದೇವೆ. ನಿಮ್ಮಮ್ಮ ಇನ್ನೂ ಯಾಕೆ ಬರಲಿಲ್ಲ ಎಂದು ನೀನು ಫೋನಿನಲ್ಲಿ ಕೇಳಲಾರದೆ ಕೇಳುತ್ತಿದ್ದೀಯ, ಅದಕ್ಕೆ ಬರೆಯುತ್ತಿದ್ದೇನೆ. ನಿನ್ನ ಕಾಗದಗಳು ಅಂಗಡಿಗೆ ಬರುತ್ತಿದ್ದುದು ನನಗೆ ಗೊತ್ತು. ಒಮ್ಮೆ ದರ್ಜಿ ನನ್ನ ಕೈಗೇ ಕೊಡಲು ಬಂದ. ಅವಳಿಗೇ ಕೊಡು ಎಂದೆ. ತೆರೆದಿಲ್ಲ.

ಅವಳು ಚೀಲ ತುಂಬಿ ಬಾಗಿಲ ಹತ್ತಿರ ಇಟ್ಟುಕೊಂಡು, ನನ್ನೆದುರು ಬಂದು ಕೂತಳು. ತನಗೆ ಚಿಕ್ಕಂದಿನಿಂದಲೂ ಈಜು ಬರುತ್ತದೆ ಎಂದಳು. ನೀವು ಅಷ್ಟು ಆಸೆಯಿಂದ ಕಲಿಸಲು ಬಂದಿರಿ, ಬೇಡ ಎನ್ನಲು ಮನಸ್ಸು ಬರಲಿಲ್ಲ ಎಂದಳು.  ನಾನು ಕೇಳಿದೆ, "ನಾನು ದಡದಲ್ಲಿ ನಿಂತು ಮಗಳಿಗೆ ಕಾಲು ಬಡಿ, ಕಾಲು ಬಡಿ ಅಂತ ಕೂಗ್ತಿದ್ದಾಗೆಲ್ಲ ಒಳಗೊಳಗೇ ನಗ್ತಿದ್ಯಾ?" "ಒಂದೆರಡು ಸಲ" ಎಂದಳು. ಕೋಪ ಬಂತು. ಪೂರ್ತಿ ಹೋಗಿಲ್ಲ. ಇರಲಿ.

ಆದರೆ ಇಷ್ಟು ದಿನ ನಾನು ಮಾತಾಡದೆ ಇದ್ದದ್ದು ಕೋಪಕ್ಕಲ್ಲ. ಮಗು ಕೈ ಬೀಸಿದಾಗ ನಾನೂ ಕೈ ಬೀಸಿದೆ. ಅದು ನಿನಗೂ ಕಂಡಿರಬಹುದು. ನಿಮ್ಮಮ್ಮನನ್ನು ನೋಡಿದರೆ ನನ್ನ ಆ ಕೈ ನೆನಪಾಗುತ್ತಿತ್ತು, ಎದ್ದು ಹೋಗುತ್ತಿದ್ದೆ. ಕುರ್ಚಿಯನ್ನು ನೆರಳಿಗೆ ಇಟ್ಟದ್ದು ಯಾಕೆಂದರೆ, ಇಷ್ಟು ವರ್ಷ ಅವಳು ಬಿಸಿಲಲ್ಲಿ ಕೂತದ್ದನ್ನು ನಾನು ನೋಡಿದ್ದೆ. ಒಂದು ಸಲವಾದರೂ ನಾನೇ ಅವಳಿಗೆ ಜಾಗ ನೋಡಬೇಕು ಎನಿಸಿತ್ತು. ಇದನ್ನು ಹೇಳಿದೆ. ಅವಳು ಅತ್ತಳು. ಚೀಲ ಒಳಗೆ ಹೋಯಿತೆಂದು ತಿಳಿಯಬೇಡ, ಮೂರು ದಿನ ಬಾಗಿಲಲ್ಲೇ ಇತ್ತು.

ಹೋದ ವಾರ ಇಬ್ಬರೇ ಬಸ್ಸಿನಲ್ಲಿ ಅರ್ಧಚಂದ್ರದ ತೀರಕ್ಕೆ ಹೋಗಿದ್ದೆವು. ಜನ ಇರಲಿಲ್ಲ. ಅವಳು ಕುರ್ಚಿ ಹಿಡಿದು ಎಂದಿನಂತೆ ನಡೆಯತೊಡಗಿದಳು. "ಈ ಸಲ ಬಾಯಿ ಬಿಟ್ಟು ಹೇಳ್ತಾ ನಡಿ" ಎಂದೆ. ಹೇಳಿದಳು. ಅಲ್ಲಿ ನೊರೆ ಮುರಿಯುತ್ತಿದೆ, ಅಡಿಯಲ್ಲಿ ಮರಳು ದಿಬ್ಬ ಇದೆ, ಮಕ್ಕಳಿಗೆ ಅದು ಸರಿ. ಅಗೋ ಅಲ್ಲಿ ನುಣ್ಣಗಿದೆಯಲ್ಲ, ಸಿಹಿ ಮಾತಾಡುವವನ ಮುಖದ ಹಾಗೆ, ಅಲ್ಲಿಂದ ನೀರು ಹೊರಗೆ ಹೋಗುತ್ತದೆ. ನಾನು ಮುಗ್ಧನ ಹಾಗೆ ತಲೆ ಆಡಿಸುತ್ತಾ ಹಿಂದೆ ನಡೆದೆ. ಈ ತೀರದ ಆಳವನ್ನು ಎಷ್ಟೋ ಸಲ ನಕ್ಷೆಯಲ್ಲಿ ಬರೆದಿದ್ದೇನೆ. ನೋಡಿದ್ದು ಅದೇ ಮೊದಲು. ಬೇಸಿಗೆಗೆ ಮಗುವನ್ನು ಕರೆದುಕೊಂಡು ಬಾ. ನೀರಿಗೆ ಇಳಿಯದಿದ್ದರೂ ಸರಿ, ಅಜ್ಜಿಯ ಜೊತೆ ಕುರ್ಚಿ ಹಿಡಿದು ನಡೆಯಲಿ.

ಕುರ್ಚಿಯನ್ನು ಬಿಸಿಲಲ್ಲಿಟ್ಟು ಅವಳು ನನ್ನನ್ನೂ ಕರೆದಳು. "ಚಪ್ಪಲಿ ಇಲ್ಲೇ ಬಿಡಿ, ಬನ್ನಿ." ಯಾವತ್ತಿನ ನೆಪದ ಹಾಗೆ ಭುಜ ನೋವು ಎಂದೆ. "ಭುಜ ನಾನು ನೋಡ್ಕೋತೀನಿ, ನೀವು ಬನ್ನಿ" ಎಂದಳು.

ನನಗೆ ಈಜು ಬರುವುದಿಲ್ಲ, ಮಗಳೇ. ಇದನ್ನು ನೀನು ಊಹಿಸಿರಬಹುದು. ಅವಳಿಗೆ ಗೊತ್ತಿಲ್ಲ ಎಂದೇ ನಾನು ಇಷ್ಟು ಕಾಲ ತಿಳಿದಿದ್ದೆ. ಸೊಂಟದ ಮಟ್ಟದ ನೀರಿನಲ್ಲಿ ಅವಳು ನನ್ನ ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟಳು. ನಾನು ಕಣ್ಣು ಮುಚ್ಚಿದೆ. ಆ ಕೈ ಒಂದಿಷ್ಟೂ ನಡುಗಲಿಲ್ಲ. ನೀರು ಬಲ್ಲವರ ಕೈ ಹೀಗಿರುತ್ತದೆ ಎಂದು ಆಗ ತಿಳಿಯಿತು. ಹಾಗಾದರೆ ಅಂದು, ಇದೇ ಜಾಗದಲ್ಲಿ, ನನ್ನ ಕೈ?

ತಲೆ ಎತ್ತಿ, "ನಿಂಗೆ ಆವತ್ತೇ ಗೊತ್ತಾಗಿತ್ತಾ?" ಎಂದು ಕೇಳಿದೆ.

"ಬಾಯಿ ಮುಚ್ಕೊಳ್ಳಿ," ಎಂದಳು, "ನೀರು ಒಳಗೆ ಹೋಗುತ್ತೆ."

ಅಪ್ಪ